ಹಾರ ಹಾಕುವ ಮೊದಲು ದಾಖಲಿಸಿ: ಅಮೆರಿಕದ ಕನ್ನಡ ಕೂಟಗಳಿಗೂ ದೇವಸ್ಥಾನಗಳ ಟ್ರಸ್ಟಿಗಳಿಗೂ ಒಂದು ಬಹಿರಂಗ ಪತ್ರ

ಅಮೆರಿಕದ ಕನ್ನಡ ಕೂಟಗಳ ಅಧ್ಯಕ್ಷರು, ಕಾರ್ಯದರ್ಶಿಗಳು, ಸ್ಮರಣ ಸಂಚಿಕೆಗಳ ಸಂಪಾದಕರು ಹಾಗೂ ದೇವಸ್ಥಾನಗಳ ಟ್ರಸ್ಟಿಗಳಿಗೆ,

ಮಾನ್ಯರೇ,

ಅಧ್ಯಕ್ಷ ಲಿಂಡನ್ ಜಾನ್ಸನ್ 1965ರ ಅಕ್ಟೋಬರ್ 3ರಂದು ಹೊಸ ವಲಸೆ ಕಾಯ್ದೆಗೆ ಸಹಿ ಹಾಕಿದರು. ಆ ಕಾಯ್ದೆ ತೆರೆದ ದಾರಿಯಲ್ಲಿ ಬಂದ ವೈದ್ಯರು, ಎಂಜಿನಿಯರುಗಳು, ಅಧ್ಯಾಪಕರು ಮತ್ತು ಅವರ ಮನೆಯವರು ಸೇರಿ ನಿಮ್ಮ ಕೂಟಗಳನ್ನೂ ದೇವಸ್ಥಾನಗಳನ್ನೂ ಕಟ್ಟಿದರು. ಅಂದು ಮೂವತ್ತರ ಆಸುಪಾಸಿನಲ್ಲಿದ್ದವರು ಇಂದು ಎಂಬತ್ತು ದಾಟಿದ್ದಾರೆ. ಒಬ್ಬೊಬ್ಬರಾಗಿ ನಮ್ಮನ್ನು ಅಗಲುತ್ತಿದ್ದಾರೆ.

ಅವರು ಹೋದಾಗ ಏನಾಗುತ್ತದೆ ಎಂಬುದು ನಿಮಗೂ ಗೊತ್ತು. ವಾಟ್ಸ್‌ಆಪ್ ಗುಂಪಿನಲ್ಲಿ ಒಂದು ಫೋಟೊ, ಅದರ ಕೆಳಗೆ ಸಾಲುಸಾಲು 'ಓಂ ಶಾಂತಿ'. ಜೂಮ್‌ನಲ್ಲಿ ಶ್ರದ್ಧಾಂಜಲಿ ಸಭೆ. ಮುಂದಿನ ಯುಗಾದಿ ಇಲ್ಲವೇ ರಾಜ್ಯೋತ್ಸವದ ಕಾರ್ಯಕ್ರಮ ಶುರುವಾಗುವ ಮೊದಲು ಒಂದು ನಿಮಿಷದ ಮೌನ. ಸ್ಮರಣ ಸಂಚಿಕೆಯಲ್ಲಿ ಅರ್ಧ ಪುಟ. ಇದ್ಯಾವುದೂ ತಪ್ಪಲ್ಲ. ದುಃಖದಲ್ಲಿರುವ ಮನೆಗೆ ಇವೆಲ್ಲ ಆಸರೆಯಾಗುತ್ತವೆ. ನಮ್ಮ ತಕರಾರು ಇರುವುದು ಆ ಅರ್ಧ ಪುಟದ ಬಗ್ಗೆ. 'ಸರಳ ಸಜ್ಜನಿಕೆಯ ಮೂರ್ತಿ', 'ನಿಸ್ವಾರ್ಥ ಸೇವಕರು', 'ಪರಮ ದೈವಭಕ್ತರು', 'ತುಂಬಲಾರದ ನಷ್ಟ'. ಹೆಸರು ಅಳಿಸಿ ಇನ್ನೊಬ್ಬರ ಹೆಸರು ಬರೆದರೂ ಆ ಪುಟದಲ್ಲಿ ಒಂದಕ್ಷರ ಬದಲಿಸಬೇಕಾಗುವುದಿಲ್ಲ. ಅವರು ಯಾವ ವರ್ಷ ಬಂದರು, ಯಾವ ಊರಿನಲ್ಲಿ ಇಳಿದರು, ಮೊದಲ ಗಣೇಶನ ಹಬ್ಬಕ್ಕೆ ಮೂರ್ತಿ ಎಲ್ಲಿಂದ ಬಂತು, ದೇವಸ್ಥಾನದ ಜಾಗಕ್ಕೆ ಸಾಲ ತೆಗೆದಾಗ ತಮ್ಮ ಮನೆಯನ್ನು ಜಾಮೀನಿಗೆ ಇಟ್ಟವರು ಯಾರು, ಇವುಗಳಲ್ಲಿ ಒಂದೂ ಅಲ್ಲಿರುವುದಿಲ್ಲ.

ಹೀಗೆ ಬಿಟ್ಟರೆ ಏನು ಉಳಿಯುತ್ತದೆ, ಏನು ಅಳಿಯುತ್ತದೆ ಎಂಬುದಕ್ಕೆ ನೂರು ವರ್ಷ ಹಳೆಯ ಒಂದು ಉದಾಹರಣೆ ಇದೆ. ಅದನ್ನು ಸ್ವಲ್ಪ ವಿವರವಾಗಿಯೇ ನಿಮ್ಮ ಮುಂದೆ ಇಡುತ್ತೇವೆ.

ಕ್ರಾಂತಿಕಾರಿ ಭಗತ್ ಸಿಂಗ್ ಅಲ್ಲ, ಭಗತ್ ಸಿಂಗ್ ಥಿಂಡ್. ಹೆಸರು ಹೇಳಿದೊಡನೆ ಅನೇಕರು ಗೊಂದಲಕ್ಕೆ ಬೀಳುವುದರಿಂದ ಮೊದಲೇ ತಿಳಿಸಿದ್ದೇವೆ. 1892ರಲ್ಲಿ ಪಂಜಾಬಿನ ಅಮೃತಸರ ಜಿಲ್ಲೆಯಲ್ಲಿ ಹುಟ್ಟಿದ ಸಿಖ್ಖರು. ಕಾಲೇಜಿನ ದಿನಗಳಲ್ಲಿ ಎಮರ್ಸನ್, ವಿಟ್ಮನ್, ಥೋರೊ ಅವರನ್ನು ಓದಿ ಅಮೆರಿಕದ ಕನಸು ಕಂಡು, 1913ರಲ್ಲಿ ಅಲ್ಲಿಗೆ ಬಂದರು. ಓದಿನ ಖರ್ಚಿಗಾಗಿ ಆರೆಗನ್ ರಾಜ್ಯದ ಮರದ ಮಿಲ್ಲುಗಳಲ್ಲಿ ದುಡಿದರು, ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಓದಿದರು. ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದ 1918ರ ಜುಲೈಯಲ್ಲಿ ಅಮೆರಿಕದ ಸೈನ್ಯಕ್ಕೆ ಸೇರಿದರು. ಪೇಟ ಕಟ್ಟಿಕೊಂಡೇ ಸೇವೆ ಸಲ್ಲಿಸಿದರು, ಹಂಗಾಮಿ ಸಾರ್ಜೆಂಟ್ ಆದರು. ಡಿಸೆಂಬರ್ 16ರಂದು ಬಿಡುಗಡೆಯಾದಾಗ ಅವರ ನಡತೆಯನ್ನು 'ಅತ್ಯುತ್ತಮ' ಎಂದು ದಾಖಲಿಸಲಾಯಿತು.

ಅದೇ ಡಿಸೆಂಬರ್ 9ರಂದು, ಇನ್ನೂ ಸಮವಸ್ತ್ರದಲ್ಲಿದ್ದಾಗಲೇ, ಅವರಿಗೆ ಪೌರತ್ವ ಸಿಕ್ಕಿತ್ತು. ನಾಲ್ಕೇ ದಿನಗಳಲ್ಲಿ ಅದನ್ನು ರದ್ದು ಮಾಡಿದರು. ಅಂದಿನ ಕಾನೂನಿನಂತೆ ಪೌರತ್ವ ಪಡೆಯಲು ವಲಸಿಗನು 'ಬಿಳಿಯ'ನಾಗಿರಬೇಕಿತ್ತು, ಇಲ್ಲವೇ ಆಫ್ರಿಕಾ ಮೂಲದವನಾಗಿರಬೇಕಿತ್ತು. ಥಿಂಡ್ ಮತ್ತೆ ಅರ್ಜಿ ಹಾಕಿದರು. 1920ರ ನವೆಂಬರ್ 18ರಂದು ಆರೆಗನ್‌ನ ಫೆಡರಲ್ ನ್ಯಾಯಾಲಯ ಎರಡನೆಯ ಸಲ ಪೌರತ್ವ ಕೊಟ್ಟಿತು. ಸರ್ಕಾರ ಮೇಲ್ಮನವಿ ಹೋಯಿತು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಬಂದು, 1923ರ ಫೆಬ್ರವರಿ 19ರಂದು ನ್ಯಾಯಮೂರ್ತಿ ಜಾರ್ಜ್ ಸದರ್‌ಲೆಂಡ್ ಎಲ್ಲ ನ್ಯಾಯಮೂರ್ತಿಗಳ ಪರವಾಗಿ ತೀರ್ಪು ಬರೆದರು: ಭಾರತೀಯರು ಬಿಳಿಯರಲ್ಲ, ಪೌರರಾಗಲು ಅರ್ಹರಲ್ಲ. ಆ ಸದರ್‌ಲೆಂಡ್ ಸ್ವತಃ ಇಂಗ್ಲೆಂಡಿನಲ್ಲಿ ಹುಟ್ಟಿದ ವಲಸಿಗರು.

ತೀರ್ಪಿನ ಬೆನ್ನಲ್ಲೇ ಸರ್ಕಾರವು ಈಗಾಗಲೇ ಪೌರರಾಗಿದ್ದ ಭಾರತೀಯರ ಪೌರತ್ವವನ್ನು ಹುಡುಕಿ ಹುಡುಕಿ ಕಿತ್ತುಕೊಳ್ಳತೊಡಗಿತು. ಕ್ಯಾಲಿಫೋರ್ನಿಯಾದಲ್ಲಿ ಪೌರತ್ವಕ್ಕೆ ಅರ್ಹರಲ್ಲದವರು ಜಮೀನು ಹೊಂದುವಂತಿರಲಿಲ್ಲ, ಹಾಗಾಗಿ ಭೂಮಿಯೂ ಕೈತಪ್ಪಿತು. ಸ್ಯಾನ್‌ಫ್ರಾನ್ಸಿಸ್ಕೊದ ವ್ಯಾಪಾರಿ ವೈಷ್ಣೋ ದಾಸ್ ಬಗಾಯಿ 1928ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಥಿಂಡ್ ಅವರಿಗೆ ಮೂರನೆಯ ಸಲ ಪೌರತ್ವ ಸಿಕ್ಕಿದ್ದು 1936ರಲ್ಲಿ, ಮಾಜಿ ಸೈನಿಕರಿಗಾಗಿ ಹಿಂದಿನ ವರ್ಷ ಬಂದಿದ್ದ ಕಾಯ್ದೆಯಡಿ. ಉಳಿದ ಭಾರತೀಯರು 1946ರ ಜುಲೈ 2ರ ಲೂಸ್-ಸೆಲ್ಲರ್ ಕಾಯ್ದೆಯವರೆಗೆ ಕಾಯಬೇಕಾಯಿತು. ಆಗಲೂ ವರ್ಷಕ್ಕೆ ಬರಬಹುದಾಗಿದ್ದವರು 100 ಮಂದಿ ಮಾತ್ರ.

ಕಾನೂನು ಓದಿದವರಿಗೆ ಥಿಂಡ್ ಗೊತ್ತಿರುವುದು ಇಷ್ಟೇ: ಒಂದು ಮೊಕದ್ದಮೆಯ ಹೆಸರಾಗಿ. ಆದರೆ ಮೊಕದ್ದಮೆ ಅವರ ಬದುಕಿನಲ್ಲಿ ನಾಲ್ಕೈದು ವರ್ಷಗಳ ಮಾತು. ಅದಾದ ಮೇಲೆ ನಲವತ್ತಕ್ಕೂ ಹೆಚ್ಚು ವರ್ಷ, 1967ರ ಸೆಪ್ಟೆಂಬರ್ 15ರಂದು ತೀರಿಕೊಳ್ಳುವವರೆಗೆ, ಅವರು ಅಮೆರಿಕದ ಊರೂರು ಸುತ್ತಿ ಅಧ್ಯಾತ್ಮದ ಪಾಠ ಹೇಳಿದರು. ತಮ್ಮನ್ನು ಹೊರಗಿಡಲು ಯತ್ನಿಸಿದ ದೇಶದ ಜನರನ್ನೇ ಕೂರಿಸಿಕೊಂಡು ನಾನಕರ, ಕಬೀರರ ಮಾತು, ವೇದದ ಮಾತು, ಜೊತೆಗೆ ಅವರದೇ ಬೈಬಲಿನ, ಎಮರ್ಸನ್‌ನ ಮಾತು ತಿಳಿಸಿದರು. ಯಾರನ್ನೂ ಮತಾಂತರವಾಗಿ ಎಂದು ಕೇಳಲಿಲ್ಲ. ಪುಸ್ತಕಗಳನ್ನು ಬರೆದರು. ಭಾರತದ ಸ್ವಾತಂತ್ರ್ಯಕ್ಕಾಗಿ ದನಿ ಎತ್ತಿದರು. ನಮ್ಮ ದೃಷ್ಟಿಯಲ್ಲಿ ಅವರ ಬದುಕಿನ ತಿರುಳು ಇದು. ಕೋರ್ಟಿನ ಕಡತದಲ್ಲಿ ಇದು ಇಲ್ಲ.

ಆ ಕಡತದಲ್ಲಿ ಅವರ ಧರ್ಮವೂ ಸರಿಯಾಗಿ ದಾಖಲಾಗಿಲ್ಲ. ಅಂದು ಅಮೆರಿಕದಲ್ಲಿ ಎಲ್ಲ ಭಾರತೀಯರನ್ನೂ ಹಿಂದೂಗಳೆಂದೇ ಕರೆಯುತ್ತಿದ್ದುದರಿಂದ, ಸುಪ್ರೀಂ ಕೋರ್ಟಿನ ಮುಂದಿದ್ದ ಪ್ರಶ್ನೆಯಲ್ಲಿ ಈ ಸಿಖ್ಖರು 'ಮೇಲ್ಜಾತಿಯ ಹಿಂದೂ' ಆಗಿದ್ದಾರೆ. ಸರ್ಕಾರದ ಕಾಗದವೊಂದನ್ನೇ ನಂಬಿದರೆ ಮನುಷ್ಯ ಹೀಗೆ ಅರೆಬರೆಯಾಗಿ ಉಳಿಯುತ್ತಾನೆ. ಥಿಂಡ್ ಅವರ ಇನ್ನರ್ಧ ನಮಗೆ ಸಿಗುತ್ತಿರುವುದು ಅವರ ಮನೆಯವರು ಫೋಟೊ, ಪತ್ರ, ಭಾಷಣದ ಬರಹಗಳನ್ನು ಎಸೆಯದೆ ಇಟ್ಟುಕೊಂಡಿದ್ದರಿಂದ. ಅವರ ಮಗ ತಂದೆಯ ಬರಹಗಳನ್ನು ಮರಣಾನಂತರ ಪ್ರಕಟಿಸಿದರು. ಅಂಥ ಸಾಮಗ್ರಿಯನ್ನು ದಕ್ಷಿಣ ಏಷ್ಯಾ ಮೂಲದ ಅಮೆರಿಕನ್ನರ ಡಿಜಿಟಲ್ ಸಂಗ್ರಹವಾದ 'ಸಾಡಾ'ದಲ್ಲಿ ಇಂದು ಯಾರು ಬೇಕಾದರೂ ನೋಡಬಹುದು.

ಸೈನ್ಯದ ಕಾಗದ ಸರ್ಕಾರದ ಬಳಿ ಇದ್ದೇ ಇರುತ್ತದಲ್ಲ ಎಂದು ಯಾರಾದರೂ ಕೇಳಬಹುದು. 1973ರ ಜುಲೈಯಲ್ಲಿ ಸೇಂಟ್ ಲೂಯಿಸ್ ಬಳಿಯ ಸೈನಿಕ ದಾಖಲೆಗಳ ಕಟ್ಟಡಕ್ಕೆ ಬೆಂಕಿ ಬಿತ್ತು. 1912ರಿಂದ 1960ರ ನಡುವೆ ಭೂಸೈನ್ಯದಿಂದ ಬಿಡುಗಡೆಯಾದವರ ಕಡತಗಳಲ್ಲಿ ಸುಮಾರು ಶೇ. 80ರಷ್ಟು ಸುಟ್ಟುಹೋದವು. ಪ್ರತಿ ಬೇರೆ ಕಡೆ ಇರಲಿಲ್ಲ. ಆ ಕಾಲದ ಸೈನಿಕರ ಮನೆಯ ಪೆಟ್ಟಿಗೆಯಲ್ಲಿ ಉಳಿದ ಬಿಡುಗಡೆ ಪತ್ರವೇ ಎಷ್ಟೋ ಕಡೆ ಈಗ ಮೂಲ ದಾಖಲೆ.

ಇನ್ನೊಂದು ಹೆಸರನ್ನೂ ಹೇಳಬೇಕು. ಆತ್ಮಹತ್ಯೆ ಮಾಡಿಕೊಂಡ ಬಗಾಯಿ ಅವರ ಹೆಂಡತಿ ಕಲಾ ಬಗಾಯಿ. ಮೂವರು ಗಂಡುಮಕ್ಕಳನ್ನು ಪರದೇಶದಲ್ಲಿ ಸಾಕಿದರು, ಮುಂದೆ ಕ್ಯಾಲಿಫೋರ್ನಿಯಾದ ಭಾರತೀಯರಿಗೆ ಹಿರಿಯ ತಾಯಿಯಂತಾದರು. ಬರ್ಕ್ಲಿಯಲ್ಲಿ ಮನೆ ಕೊಂಡು ಸಾಮಾನು ಸಮೇತ ಹೋದಾಗ ನೆರೆಯವರು ಒಳಗೆ ಹೋಗಲು ಬಿಡದೆ ಬೀಗ ಜಡಿದಿದ್ದರು. ಈ ಸಂಗತಿ ಇಂದು ನಮಗೆ ಗೊತ್ತಿರುವುದು ಆಕೆಯ ಇಳಿವಯಸ್ಸಿನಲ್ಲಿ ಯಾರೋ ಎದುರಿಗೆ ಕೂತು ಆಕೆಯ ಮಾತನ್ನು ಧ್ವನಿಮುದ್ರಿಸಿದ್ದರಿಂದ. 1983ರಲ್ಲಿ ಅವರು ತೀರಿಕೊಂಡರು. ಅಂದು ಒಳಗೆ ಬಿಡದಿದ್ದ ಅದೇ ಬರ್ಕ್ಲಿ ಈಚೆಗೆ ಒಂದು ರಸ್ತೆಗೆ ಅವರ ಹೆಸರಿಟ್ಟಿದೆ.

ಮಾನ್ಯರೇ, ನಿಮ್ಮ ಕೂಟದ ಹಿರಿಯರ ವಿಷಯಕ್ಕೆ ಬರೋಣ. ನಮ್ಮ ದೂರು ನೇರವಾಗಿದೆ. ಸಂಘಗಳ ಕಾರ್ಯಕಾರಿ ಸಮಿತಿ ವರ್ಷಕ್ಕೊಮ್ಮೆ, ಹೆಚ್ಚೆಂದರೆ ಎರಡು ವರ್ಷಕ್ಕೊಮ್ಮೆ ಬದಲಾಗುತ್ತದೆ. ಹಳೆಯ ನಡಾವಳಿ ಪುಸ್ತಕ, ಫೋಟೊ, ಲೆಕ್ಕಪತ್ರ ಹಿಂದಿನ ಕಾರ್ಯದರ್ಶಿಯ ಗ್ಯಾರೇಜಿನಲ್ಲಿ ಉಳಿಯುತ್ತವೆ. ಅವರು ಮನೆ ಮಾರಿ ಮಕ್ಕಳಿರುವ ರಾಜ್ಯಕ್ಕೆ ಹೋಗುವಾಗ ಡಬ್ಬಗಳು ಕಸಕ್ಕೆ ಸೇರುತ್ತವೆ. ಜಾಲತಾಣದ ಹೆಸರು ಯಾರೋ ಒಬ್ಬ ಮಾಜಿ ಪದಾಧಿಕಾರಿಯ ಸ್ವಂತ ಇಮೇಲ್ ಮತ್ತು ಕ್ರೆಡಿಟ್ ಕಾರ್ಡಿನಲ್ಲಿರುತ್ತದೆ. ಕಾರ್ಡಿನ ಅವಧಿ ಮುಗಿದ ದಿನ ಇಪ್ಪತ್ತು ವರ್ಷದ ಫೋಟೊಗಳು ಮಾಯವಾಗುತ್ತವೆ. ಯಾರೂ ಬೇಕೆಂದು ಮಾಡುವುದಲ್ಲ. ದಾಖಲೆ ಕಾಯುವುದು ಯಾರ ಕೆಲಸ ಎಂದು ಯಾವ ಸಂಘದ ನಿಯಮಾವಳಿಯಲ್ಲೂ ಬರೆಯದಿದ್ದರೆ ಹೀಗೆಯೇ ಆಗುವುದು.

ಮೊದಲ ಕೆಲಸ ಧ್ವನಿಮುದ್ರಣ. ಕಾಗದ ಹತ್ತು ವರ್ಷ ಕಾಯಬಹುದು, ಎಂಬತ್ತೈದರ ನೆನಪು ಕಾಯುವುದಿಲ್ಲ. ಎಪ್ಪತ್ತೈದು ದಾಟಿದ ಸದಸ್ಯರ ಪಟ್ಟಿ ಮಾಡಿ, ಕಾಯಿಲೆಯಲ್ಲಿರುವವರನ್ನೂ ಮರೆವು ಶುರುವಾಗಿರುವವರನ್ನೂ ಮೊದಲಿಗೆ ಇಡಿ. ಹೋಗುವ ಹೊತ್ತು ಬೆಳಗಿನದಾಗಿರಲಿ. ಮಧ್ಯಾಹ್ನದ ಊಟದ ಮೇಲೆ ಹಿರಿಯರು ದಣಿಯುತ್ತಾರೆ. ಒಂದು ಸಲಕ್ಕೆ ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆ ಸಾಕು. ಒಬ್ಬರ ಬಳಿಗೆ ಮೂರು ನಾಲ್ಕು ಸಲ ಹೋಗಿ. ಮೊದಲ ಸಲ ಎಲ್ಲರೂ ಭಾಷಣದ ಧಾಟಿಯಲ್ಲೇ ಮಾತಾಡುತ್ತಾರೆ, ನಿಜವಾದ ನೆನಪು ಬಿಚ್ಚಿಕೊಳ್ಳುವುದು ಎರಡನೆಯ ಭೇಟಿಯಲ್ಲಿ.

ಉಡುಪಿಗೆ ಸಿಕ್ಕಿಸುವ ಸಣ್ಣ ಮೈಕು ಬಳಸಿ. ರೇಷ್ಮೆ ಸೀರೆಯ ಸೆರಗಿಗೆ ಅದನ್ನು ಸಿಕ್ಕಿಸಬೇಡಿ, ಪ್ರತಿ ಉಸಿರಿಗೂ ಸರಸರ ಸದ್ದು ದಾಖಲಾಗುತ್ತದೆ. ಬಳೆ ತೆಗೆಯಿರಿ ಎಂದು ಯಾವ ಅಜ್ಜಿಗೂ ಹೇಳಬಾರದು, ಮೈಕನ್ನು ಕೈಯಾಡದ ಕಡೆಗೆ ಸರಿಸಿ. ಫ್ರಿಜ್ಜಿನ ಮೊರೆತ ಕೇಳದ ಕೋಣೆ ಆರಿಸಿ, ಹೀಟರ್ ಅಥವಾ ಎಸಿಯನ್ನು ಆ ಒಂದು ಗಂಟೆ ನಿಲ್ಲಿಸಿ. ಕಡತ ಎಂಪಿ3 ಆಗಿರಬಾರದು, ವೇವ್ ರೂಪದಲ್ಲಿರಲಿ: 48 ಕಿಲೋಹರ್ಟ್ಸ್, 24 ಬಿಟ್. ಒಂದೇ ಮೈಕಿನ ಮೊನೊ ದಾಖಲೆಯಾದರೆ ಗಂಟೆಗೆ ಸುಮಾರು ಅರ್ಧ ಜಿಬಿ ಬೇಕಾಗುತ್ತದೆ, ಈ ಕಾಲದಲ್ಲಿ ಅದು ದೊಡ್ಡ ಮಾತಲ್ಲ. ಜೊತೆಗೆ ಒಂದು ಮೊಬೈಲಿನಲ್ಲೂ, ಏರ್‌ಪ್ಲೇನ್ ಮೋಡಿನಲ್ಲಿಟ್ಟು, ಇನ್ನೊಂದು ಪ್ರತಿ ಓಡುತ್ತಿರಲಿ. ಹಿನ್ನೆಲೆಗೆ ವೀಣೆ, ಕೊಳಲು ಸೇರಿಸುವ ಆಸೆಯನ್ನು ದಯವಿಟ್ಟು ಬಿಡಿ. ಒಮ್ಮೆ ಬೆರೆಸಿದ ಸಂಗೀತವನ್ನು ಮತ್ತೆ ಪೂರ್ತಿ ಬೇರೆ ಮಾಡಲಾಗುವುದಿಲ್ಲ.

ಪ್ರಶ್ನೆಗಳ ವಿಷಯದಲ್ಲಿ ಹೆಚ್ಚು ಕೆಡುವುದನ್ನು ಕಂಡಿದ್ದೇವೆ. 'ನಿಮ್ಮ ಆಧ್ಯಾತ್ಮಿಕ ಬದುಕಿನ ಬಗ್ಗೆ ಹೇಳಿ' ಎಂದರೆ ಉಪದೇಶ ಸಿಗುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಏನು ಮಾಡುತ್ತೀರಿ ಎಂದು ಕೇಳಿ. ಬಂದ ಹೊಸದರಲ್ಲಿ ದೇವರ ಮನೆ ಎಲ್ಲಿತ್ತು? ಅಡುಗೆಮನೆಯ ಕಪಾಟೇ? ಬಟ್ಟೆ ಇಡುವ ಕ್ಲಾಸೆಟ್ಟೇ? ಹೊಗೆಯ ಅಲಾರಂ ಕೂಗದಂತೆ ಹೋಮ ಹೇಗೆ ಮಾಡಿದಿರಿ? ಅಮಾವಾಸ್ಯೆ, ಏಕಾದಶಿ ಯಾವ ಪಂಚಾಂಗದ ಪ್ರಕಾರ, ಊರಿನ ತಿಥಿಯೋ ಇಲ್ಲಿನದೋ? ಇಷ್ಟಲಿಂಗ ಪೂಜೆ ಕೈಬಿಡದೆ ನಡೆಯಿತೇ? ವಚನ, ದೇವರನಾಮ ಯಾರಿಂದ ಕಲಿತಿರಿ? ಬರುತ್ತಿದ್ದರೆ ಅಲ್ಲೇ ಹಾಡಿಸಿ, ಧಾಟಿ ಉಳಿಯಲಿ. ಕೊಂಕಣಿ ಮನೆಮಾತಿನ ಕ್ರೈಸ್ತರನ್ನು, ಬ್ಯಾರಿ ಮುಸಲ್ಮಾನರನ್ನು, ಜೈನರನ್ನು ಬಿಡಬೇಡಿ. ಅವರ ಪೂಜೆ, ಪ್ರಾರ್ಥನೆ, ನೋಂಪಿಗಳೂ ಇದೇ ಚರಿತ್ರೆಯ ಭಾಗ.

ಸೇವೆಯ ಬಗ್ಗೆ ಕೇಳುವಾಗಲೂ ಹೀಗೆಯೇ. ವಿಮಾನ ನಿಲ್ದಾಣಕ್ಕೆ ಹೋಗಿ ಗುರುತಿಲ್ಲದ ವಿದ್ಯಾರ್ಥಿಗಳನ್ನು ಕರೆತಂದು ಮನೆಯಲ್ಲಿ ಇಟ್ಟುಕೊಂಡವರು ಯಾರು? ಬಾಣಂತನಕ್ಕೆ ತಾಯಿ ಬರಲಾಗದಾಗ ಎಣ್ಣೆ ನೀರು ಹಾಕಿದವರು ಯಾರು? ಮುಖ್ಯವಾಗಿ ಸಾವಿನ ಬಗ್ಗೆ ಕೇಳಿ. ಸಂಕೋಚ ಬೇಡ, ಹಿರಿಯರು ನಿರಾಳವಾಗಿ ಹೇಳುತ್ತಾರೆ. ಪುರೋಹಿತರೇ ಇಲ್ಲದ ಊರಿನಲ್ಲಿ ಮೊದಲ ಸಾವು ಸಂಭವಿಸಿದಾಗ ಮಂತ್ರ ಹೇಳಿದವರು ಎಂಜಿನಿಯರೋ ಡಾಕ್ಟರೋ ಇರಬೇಕು. ಫ್ಯೂನರಲ್ ಹೋಮಿನವರಿಗೆ ಬಾಯಿಗೆ ನೀರು, ಅಕ್ಕಿಕಾಳು ಹಾಕುವ ಕ್ರಮವನ್ನು ವಿವರಿಸಿ ಒಪ್ಪಿಸಿದವರು ಯಾರು? ಬೂದಿ ಕಾವೇರಿಗೆ ಹೋಯಿತೋ ಅಲ್ಲಿಯೇ ನದಿಗೆ ಸೇರಿತೋ? ಸಮುದಾಯ ಸೇವೆ ಎಂಬ ಎರಡು ಪದಗಳ ಒಳಗಿರುವುದು ಇವೆಲ್ಲ.

ಧ್ವನಿಮುದ್ರಿಸುವ ಮೊದಲು ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯುವುದು ಕಡ್ಡಾಯ. ಈ ಮಾತು ಈಗಲೇ ಎಲ್ಲರಿಗೂ ಸಿಗಬಹುದೇ, ಇಪ್ಪತ್ತು ವರ್ಷ ಮುಚ್ಚಿಡಬೇಕೇ, ಯಾವ ಭಾಗ ಬೇಡ, ಎಲ್ಲವನ್ನೂ ಅವರೇ ತೀರ್ಮಾನಿಸಲಿ. ವೀಸಾ ತೊಡಕು, ಮನೆಯ ಜಗಳ, ದೇವಸ್ಥಾನದ ವ್ಯಾಜ್ಯ ಮಾತಿನ ನಡುವೆ ಬಂದೇ ಬರುತ್ತವೆ. ಸಹಿ ಇಲ್ಲದ ದಾಖಲೆಯನ್ನು ಯಾವ ಗ್ರಂಥಾಲಯವೂ ಸುಲಭಕ್ಕೆ ಸ್ವೀಕರಿಸುವುದಿಲ್ಲ. ವ್ಯಕ್ತಿ ತೀರಿಕೊಂಡ ಮೇಲೆ ಆ ಸಹಿಗಾಗಿ ಮಕ್ಕಳು, ಮೊಮ್ಮಕ್ಕಳೆಲ್ಲರ ಬೆನ್ನು ಹತ್ತಬೇಕಾಗುತ್ತದೆ. ಒಂದು ಗಂಟೆಯ ಮಾತನ್ನು ಅಕ್ಷರಕ್ಕಿಳಿಸಲು ಐದಾರು ಗಂಟೆ ಹಿಡಿಯುತ್ತದೆ. ಕನ್ನಡ, ಇಂಗ್ಲಿಷು, ನಡುವೆ ತುಳುವೋ ಹವ್ಯಕವೋ ಬೆರೆತ ಮಾತಿನಲ್ಲಿ ಯಂತ್ರದ ಲಿಪ್ಯಂತರ ಎಡವುತ್ತದೆ, ಅದರಲ್ಲೂ ಊರಿನ ಮತ್ತು ಜನರ ಹೆಸರುಗಳಲ್ಲಿ. ಪೂರ್ತಿ ಬರೆಯಲು ಆಗದಿದ್ದರೆ ಐದೈದು ನಿಮಿಷಕ್ಕೆ ಏನು ಮಾತಾಡಿದರು ಎಂಬ ಸೂಚಿಯನ್ನಾದರೂ ಅದೇ ವಾರ ಸಿದ್ಧಮಾಡಿ.

ಫೋಟೊಗಳಿಗೆ ಬಂದರೆ, 1970-80ರ ದಶಕದ ಆಲ್ಬಮ್‌ಗಳೇ ದೊಡ್ಡ ಶತ್ರು. ಅಂಟುಪುಟದ ಮೇಲೆ ಫೋಟೊ ಇಟ್ಟು ಪ್ಲಾಸ್ಟಿಕ್ ಹಾಳೆ ಮುಚ್ಚುವಂಥವು. ಆ ಅಂಟು ಕಾಲ ಕಳೆದಂತೆ ಹಳದಿಯಾಗಿ ಫೋಟೊವನ್ನು ಕಚ್ಚಿಕೊಳ್ಳುತ್ತದೆ. ಎಳೆದರೆ ಹರಿಯುತ್ತದೆ. ಮೇಣವಿಲ್ಲದ ಡೆಂಟಲ್ ಫ್ಲಾಸ್ ದಾರವನ್ನು ಫೋಟೊದ ಅಡಿಯಲ್ಲಿ ಗರಗಸದಂತೆ ನಿಧಾನವಾಗಿ ಆಡಿಸಿದರೆ ಬಹಳಷ್ಟು ಬಿಟ್ಟುಕೊಳ್ಳುತ್ತವೆ. ಬಿಡದಿದ್ದರೆ ಪುಟ ಸಮೇತ ಸ್ಕ್ಯಾನ್ ಮಾಡಿ. 600 ಡಿಪಿಐ, ಟಿಫ್ ರೂಪ, 35 ಮಿ.ಮೀ. ಸ್ಲೈಡು, ನೆಗೆಟಿವ್‌ಗಳಿಗೆ 3000 ಡಿಪಿಐಗೆ ಕಡಿಮೆ ಬೇಡ. ಫೋಟೊದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಅಲ್ಲಿನ ಕೈಬರಹವೇ ಎಷ್ಟೋ ಸಲ ಏಕೈಕ ಸಾಕ್ಷಿ. ನೀವು ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್ಲಿನಿಂದ. ಬಾಲ್‌ಪೆನ್ನಿನ ಒತ್ತು ಮುಂಬದಿಗೆ ಮೂಡುತ್ತದೆ. ಲ್ಯಾಮಿನೇಷನ್ ಮಾಡಿಸಬೇಡಿ. ರಬ್ಬರ್ ಬ್ಯಾಂಡ್, ಜೆಮ್ ಕ್ಲಿಪ್, ಸ್ಟೇಪಲ್ ಪಿನ್ ತೆಗೆದುಬಿಡಿ. ಊರಿನಿಂದ ಬರುತ್ತಿದ್ದ ನೀಲಿ ಏರೋಗ್ರಾಮ್‌ಗಳು ಮಡಿಕೆಯಲ್ಲೇ ಹರಿಯುವುದರಿಂದ ಬಿಡಿಸಿ ಆಮ್ಲರಹಿತ ಫೋಲ್ಡರಿನಲ್ಲಿ ಮಟ್ಟಸವಾಗಿ ಇಡಿ. ಅಟ್ಟದಲ್ಲಿ ಬೇಸಿಗೆಯ ಬಿಸಿ, ಬೇಸ್‌ಮೆಂಟಿನಲ್ಲಿ ತೇವ, ಎರಡೂ ಬೇಡ. ವಾಸದ ಕೋಣೆಯ ಬೀರುವೇ ಒಳ್ಳೆಯದು. ವಾಟ್ಸ್‌ಆಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ಕುಗ್ಗುತ್ತದೆ, ತೆಗೆದ ದಿನಾಂಕದ ಮಾಹಿತಿಯೂ ಕಳಚಿಹೋಗುತ್ತದೆ. ಆದ್ದರಿಂದ ಮನೆಯವರಿಂದ ಮೂಲ ಕಡತವನ್ನೇ ಕೇಳಿ ಪಡೆಯಿರಿ.

ಕ್ಯಾಸೆಟ್ ಮತ್ತು ವಿಎಚ್‌ಎಸ್ ಟೇಪುಗಳಿಗೆ ಉಳಿದಿರುವ ಆಯಸ್ಸು ಕಡಿಮೆ, ಅವನ್ನು ಓಡಿಸುವ ಯಂತ್ರಗಳಿಗೆ ಅದಕ್ಕಿಂತ ಕಡಿಮೆ. ಬಿಳಿ ಬೂಷ್ಟು ಕಂಡರೆ ಯಂತ್ರಕ್ಕೆ ಹಾಕಬೇಡಿ, ಒಂದರ ಬೂಷ್ಟು ಉಳಿದ ಎಲ್ಲಕ್ಕೂ ಹತ್ತುತ್ತದೆ. ಮೇಲೆ ಮತ್ತೊಂದು ಮುದ್ರಣವಾಗದಂತೆ ಅಂಚಿನ ಚಿಕ್ಕ ಪ್ಲಾಸ್ಟಿಕ್ ತುಂಡನ್ನು ಮೊದಲೇ ಮುರಿದುಬಿಡಿ. ಭಾರತದಲ್ಲಿ ಮುದ್ರಿಸಿ ಕಳಿಸಿದ ಮದುವೆ, ಉಪನಯನ, ಮಠದ ಸ್ವಾಮಿಗಳ ಪ್ರವಚನದ ಟೇಪುಗಳು ಪಾಲ್ ಪದ್ಧತಿಯವು. ಅಮೆರಿಕದ ಯಂತ್ರ ಎನ್‌ಟಿಎಸ್‌ಸಿ ಪದ್ಧತಿಯದು. ಅದಕ್ಕೆ ಹಾಕಿದರೆ ಚಿತ್ರ ಉರುಳಾಡುತ್ತದೆ ಇಲ್ಲವೇ ಬರೀ ಗೆರೆ ಕಾಣುತ್ತದೆ. ಟೇಪು ಹಾಳಾಗಿದೆಯೆಂದು ಇದೇ ಕಾರಣಕ್ಕೆ ಎಸೆದವರಿದ್ದಾರೆ. ಎರಡೂ ಪದ್ಧತಿ ಬಲ್ಲ ಯಂತ್ರದಲ್ಲಿ ಅದು ಚೆನ್ನಾಗಿ ಓಡಬಹುದು.

ಸ್ಮರಣ ಸಂಚಿಕೆಗಳ ಸಂಪಾದಕರಿಗೆ ಪ್ರತ್ಯೇಕವಾಗಿ ಒಂದು ಮಾತು. ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಅಮೆರಿಕದಲ್ಲಿದ್ದ ಕನ್ನಡಿಗರೊಬ್ಬರು ರೂಪಿಸಿದ 'ಬರಹ' ತಂತ್ರಾಂಶ 1998ರಲ್ಲಿ ಬಂತು. ನಂತರ 'ನುಡಿ' ಬಂತು. ಪರದೇಶದ ಕನ್ನಡ ಬರವಣಿಗೆಗೆ ಇವು ಕೊಟ್ಟ ಬಲ ದೊಡ್ಡದು. ಆದರೆ ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಆ ಕಡತಗಳಲ್ಲಿ ಕನ್ನಡದ ಆಕಾರ ಮಾತ್ರ ಇದೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಹಿರಿಯರ ಹೆಸರು ಹಾಕಿ ಹುಡುಕಿದರೆ ಸಿಗುವುದಿಲ್ಲ. ಪರಿವರ್ತಕಗಳು ಇವೆ, ಆದರೆ ಅರ್ಕಾವತ್ತು, ಎರಡೆರಡು ಒತ್ತು ಇರುವ ಕಡೆ ತಪ್ಪುತ್ತವೆ, ಒಬ್ಬರು ಕೂತು ತಿದ್ದಲೇಬೇಕು. ಪುಟವಿನ್ಯಾಸದ ತಂತ್ರಾಂಶ ಪೇಜ್‌ಮೇಕರಿನ ಹಳೆಯ ಕಡತ ಈಗ ತೆರೆಯದಿದ್ದರೆ ಮುದ್ರಿತ ಪ್ರತಿಯನ್ನೇ ಸ್ಕ್ಯಾನ್ ಮಾಡಿ, ಲೇಖಕರ ಮತ್ತು ಊರುಗಳ ಹೆಸರಿನ ಪಟ್ಟಿಯನ್ನಾದರೂ ಯೂನಿಕೋಡಿನಲ್ಲಿ ಜೊತೆಗಿಡಿ.

ದೇವಸ್ಥಾನಗಳ ಟ್ರಸ್ಟಿಗಳು ಹೆಚ್ಚಿನ ಹೊಣೆ ಹೊರಬೇಕು. ನ್ಯೂಯಾರ್ಕಿನ ಫ್ಲಶಿಂಗ್‌ನ ಗಣೇಶ ದೇವಸ್ಥಾನವನ್ನು ನೋಡಿ. ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಅಳಗಪ್ಪ ಅಳಗಪ್ಪನ್ ಮತ್ತು ಕೆಲವರು ಸೇರಿ 1970ರಲ್ಲಿ ಸಂಸ್ಥೆ ಸ್ಥಾಪಿಸಿದರು, ಹಿಂದೆ ರಷ್ಯನ್ ಆರ್ಥೊಡಾಕ್ಸ್ ಚರ್ಚು ಇದ್ದ ಜಾಗ ಕೊಂಡರು, 1977ರ ಜುಲೈ 4ರಂದು ಪ್ರತಿಷ್ಠೆ ನಡೆಯಿತು. ಮುಂದೆ ಅದನ್ನು ದಶಕಗಳ ಕಾಲ ಮುನ್ನಡೆಸಿದವರು ಕನ್ನಡತಿ, ವೈದ್ಯೆ ಉಮಾ ಮೈಸೂರ್ಕರ್. ಅಳಗಪ್ಪನ್ 2014ರಲ್ಲಿ ತೀರಿಕೊಂಡರು. ಇಷ್ಟು ದೊಡ್ಡ ಸಂಸ್ಥೆಯ ಕಥೆ ಪತ್ರಿಕೆಗಳಲ್ಲಾದರೂ ಬಂದಿದೆ. ಸಣ್ಣ ಊರಿನ ನಿಮ್ಮ ದೇವಸ್ಥಾನದ ಬಗ್ಗೆ ಹೊರಗಿನವರು ಯಾರೂ ಬರೆದಿರುವುದಿಲ್ಲ. ಜಾಗದ ಕ್ರಯಪತ್ರ ಕೌಂಟಿ ಕಚೇರಿಯಲ್ಲಿ, ನೋಂದಣಿ ಪತ್ರ ರಾಜ್ಯದ ಕಚೇರಿಯಲ್ಲಿ ಸಿಗುತ್ತವೆ. ಅಲ್ಲಿ ಸಿಗದೇ ಇರುವುದು ಬೇರೆಯದು: ಶನಿವಾರ ಬೆಳಗಿನಿಂದ ನೂರಾರು ಮಂದಿಗೆ ಬಿಸಿಬೇಳೆಬಾತು ಮಾಡಿದ ಹೆಂಗಸರ ಹೆಸರುಗಳು, ಯಾವ ಪಾತ್ರೆ ಯಾರ ಮನೆಯದು, ಮೊದಲ ಅರ್ಚಕರ ವೀಸಾಕ್ಕಾಗಿ ಪತ್ರ ಬರೆದವರು, ಹಿಮ ಗುಡಿಸಿದವರು. ದಾನಿಗಳ ಫಲಕದಲ್ಲಿ ಚೆಕ್ಕಿಗೆ ಸಹಿ ಹಾಕಿದವರ ಹೆಸರಿದೆ. ಅಡುಗೆಮನೆಯ ಚರಿತ್ರೆಗೆ ಫಲಕವಿಲ್ಲ. ಇದು ನಮಗೆ ಬಹಳ ನೋವಿನ ವಿಷಯ.

ಮನೆಯವರಿಗೆ ನೀವು ತಿಳಿಸಬಹುದಾದ ಇನ್ನೊಂದು ದಾರಿ ಇದೆ. 1944ರಿಂದೀಚೆಗೆ ಅಮೆರಿಕದ ವಲಸೆ ಇಲಾಖೆ ಪ್ರತಿ ವಲಸಿಗರಿಗೂ 'ಎ-ಫೈಲ್' ಎಂಬ ಕಡತ ಇಡುತ್ತದೆ. ವೀಸಾ ಅರ್ಜಿ, ಹಳೆಯ ಫೋಟೊ, ವಿಳಾಸಗಳು, ಉದ್ಯೋಗದಾತರ ಪತ್ರ ಎಲ್ಲವೂ ಅದರಲ್ಲಿರಬಹುದು. ತೀರಿಕೊಂಡವರ ಕಡತವನ್ನು ಮರಣ ಪ್ರಮಾಣಪತ್ರದ ಪ್ರತಿಯೊಂದಿಗೆ ಮಾಹಿತಿ ಹಕ್ಕಿನ ಕಾಯ್ದೆಯಡಿ ಮಕ್ಕಳು ಕೇಳಬಹುದು.

ನೆನೆಯುವುದೆಂದರೆ ಹೊಗಳುವುದಷ್ಟೇ ಎಂಬ ಅಭ್ಯಾಸವನ್ನೂ ಬಿಡಬೇಕು. ಥಿಂಡ್ ಅವರ ಮೊಕದ್ದಮೆಯನ್ನೇ ತೆಗೆದುಕೊಳ್ಳಿ. ಅವರು ಮೇಲ್ಜಾತಿಯ ಆರ್ಯರು, ಜಾತಿಕಟ್ಟು ಬಿಗಿಯಾಗಿದ್ದುದರಿಂದ ಅವರ ರಕ್ತ ಬೆರೆತಿಲ್ಲ, ಆದ್ದರಿಂದ ಅವರು ಬಿಳಿಯರೇ ಎಂಬುದು ಅವರ ಪರವಾದ ವಾದವಾಗಿತ್ತು. ಜಾತಿಯನ್ನು ಧಿಕ್ಕರಿಸಿದ ಗುರುಗಳ ಅನುಯಾಯಿಯ ಪರವಾಗಿ ಹೂಡಿದ ವಾದವಿದು. ಅದನ್ನು ಮುಚ್ಚಿಟ್ಟು ಅವರನ್ನು ಸ್ಮರಿಸಿದರೆ ಆ ಕಾಲದ ಒತ್ತಡವೂ ಅರ್ಥವಾಗುವುದಿಲ್ಲ, ಆ ಮನುಷ್ಯನೂ ಅರ್ಥವಾಗುವುದಿಲ್ಲ. ನಮ್ಮ ಕೂಟಗಳೂ ಒಡೆದಿವೆ. ಜಾತಿಯ ಮೇಲೆ, ಪ್ರದೇಶದ ಮೇಲೆ, ಚುನಾವಣೆಯ ಮೇಲೆ. ಯಾರನ್ನೋ ಅಡುಗೆಮನೆಗೆ ಬಿಡದಿದ್ದ ಪ್ರಸಂಗಗಳು ಇದ್ದರೆ ಅವೂ ದಾಖಲಾಗಲಿ. ಒಡೆದ ಎರಡೂ ಬಣಗಳ ಹಿರಿಯರನ್ನು ಮಾತಾಡಿಸಿ, ಎರಡನ್ನೂ ಒಟ್ಟಿಗೆ ಇಡಿ.

ನಮ್ಮ ಬೇಡಿಕೆಗಳು ಇವು. ಕೂಟದ ನಿಯಮಾವಳಿಯಲ್ಲಿ ದಾಖಲೆ ಕಾರ್ಯದರ್ಶಿ ಎಂಬ ಹುದ್ದೆ ಸೇರಿಸಿ, ಅದರ ಅವಧಿ ಐದು ವರ್ಷ ಇರಲಿ, ವಾರ್ಷಿಕ ಚುನಾವಣೆಗೆ ಅದನ್ನು ಕಟ್ಟಬೇಡಿ. ಜಾಲತಾಣ ಮತ್ತು ಇಮೇಲ್ ಸಂಘದ ಹೆಸರಿಗೆ ಬರಲಿ, ಗುಪ್ತಪದ ಕನಿಷ್ಠ ಇಬ್ಬರ ಬಳಿ ಇರಲಿ. ಇರುವ ಪುಟಗಳನ್ನು ಇಂದೇ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿಸಿ. ಪ್ರತಿ ಕಡತದ ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಊರಿನಲ್ಲಿ. ಮನೆಯಲ್ಲಿ ಬರೆದ ಸಿಡಿಗಳನ್ನು ನಂಬಬೇಡಿ, ಅವುಗಳ ಬಣ್ಣ ಕೆಟ್ಟು ಓದಲಾಗದಂತಾಗುತ್ತವೆ. ಒಂದು ಪ್ರತಿಯನ್ನು ಸಂಘದ ಹೊರಗಿನ ಸಂಸ್ಥೆಗೆ ಒಪ್ಪಿಸಿ: ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯ, ಕೌಂಟಿಯ ಚರಿತ್ರೆ ಸಂಘ, ಇಲ್ಲವೇ ಸಾಡಾ. ಸಾಡಾ ಡಿಜಿಟಲ್ ಪ್ರತಿ ಮಾತ್ರ ಇಟ್ಟುಕೊಳ್ಳುತ್ತದೆ, ಮೂಲ ಮನೆಯಲ್ಲೇ ಉಳಿಯುತ್ತದೆ. ಹಾಗಾಗಿ ಅಪ್ಪ ಅಮ್ಮನ ಕಾಗದ ಕೈಬಿಟ್ಟುಹೋಗುತ್ತದೆ ಎಂಬ ಭಯ ಮಕ್ಕಳಿಗೆ ಬೇಡ. ಸ್ಮರಣ ಸಂಚಿಕೆಯ ಶ್ರದ್ಧಾಂಜಲಿ ಬರಹಕ್ಕೆ ಹುಟ್ಟಿದ ಊರು, ಬಂದ ವರ್ಷ, ಕೆಲಸ, ಕಟ್ಟಿದ ಸಂಸ್ಥೆ, ಜೊತೆಗಿದ್ದವರ ಹೆಸರು, ದಿನದ ಆಚರಣೆ, ಕೊನೆಗೆ ಒಂದು ನಿರ್ದಿಷ್ಟ ಘಟನೆ ಇರಲೇಬೇಕೆಂದು ನಿಯಮ ಮಾಡಿ. ಇವಿಲ್ಲದ ಬರಹವನ್ನು ಮನೆಯವರಿಗೆ ವಿನಯದಿಂದ ಹಿಂದಿರುಗಿಸಿ, ಬರೆಯಲು ನೀವೇ ಜೊತೆ ಕೂರಿ.

ಇದಕ್ಕೆಲ್ಲ ಹಣ ಬೇಕು ನಿಜ. ಬೆಂಗಳೂರಿನಿಂದ ಗಾಯಕರನ್ನು ಕರೆಸುವ ಒಂದು ಸಂಜೆಯ ವೆಚ್ಚದ ಸಣ್ಣ ಪಾಲು ಒಂದು ರೆಕಾರ್ಡರು, ಎರಡು ಮೈಕು, ಎರಡು ಹಾರ್ಡ್ ಡಿಸ್ಕಿಗೆ ಸಾಕು. ಉಳಿದದ್ದು ಸ್ವಯಂಸೇವಕರ ಸಮಯ. ಎರಡನೆಯ ತಲೆಮಾರಿನ ಮಕ್ಕಳಿಗೆ ಶಾಲೆಯಲ್ಲಿ ಸೇವಾ ಗಂಟೆಗಳ ಲೆಕ್ಕ ಬೇಕಿರುತ್ತದೆ, ಅವರನ್ನು ಸ್ಕ್ಯಾನಿಂಗ್‌ಗೆ ಹಚ್ಚಿ. ಕನ್ನಡ ಓದಲು ಬಾರದಿದ್ದರೂ ಈ ಕೆಲಸ ಮಾಡಬಲ್ಲರು, ಮಾಡುತ್ತ ಕೂತಲ್ಲೇ ಅಜ್ಜಿಯರಿಂದ ಒಂದಷ್ಟು ಕಲಿಯುತ್ತಾರೆ ಕೂಡ.

ನಿಮ್ಮ ಮುಂದಿನ ಕಾರ್ಯಕಾರಿ ಸಭೆಯ ವಿಷಯಸೂಚಿಯಲ್ಲಿ ಇದನ್ನು ಸೇರಿಸಿ, ಎಪ್ಪತ್ತೈದು ದಾಟಿದವರ ಪಟ್ಟಿಯನ್ನು ಆ ಸಭೆಯಲ್ಲೇ ಸಿದ್ಧಪಡಿಸಿ, ಮೊದಲ ಇಬ್ಬರ ಮನೆಗೆ ಯಾರು, ಯಾವ ಭಾನುವಾರ ಹೋಗುತ್ತಾರೆ ಎಂಬುದನ್ನು ನಡಾವಳಿಯಲ್ಲಿ ಬರೆಯಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ದಾಖಲೆ ಉಳಿಸುವ ಕೆಲಸದಲ್ಲಿ ತೊಡಗಿರುವ ಕೆಲವು ಕನ್ನಡಿಗರು